ಪಟಾಕಿಯ ಪ್ಲೇಟ್‌ನಲ್ಲಿ ಬೆಳೆದದ್ದು

ತನ್ನ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು!

ಪ್ರಯೋಗಾಲಯದ ಬಾಗಿಲಲ್ಲೇ ಪಟಾಕಿ ನಿಂತುಬಿಟ್ಟಳು. ಕುರ್ಚಿ ಹಾಳಾಗಿ ಹೋಗಲಿ, ಪಕ್ಕದಲ್ಲಿ ಮೌನಿ ನಗುತ್ತಿದ್ದ... ಅದೂ ಹಲ್ಲು ಕಾಣುವಂತೆ! ಕಂಪ್ಯೂಟರಿನಲ್ಲಿ ಬ್ಯಾಕ್ಟೀರಿಯಾಗಳ ಜೀನ್‌ಗಳನ್ನು ತಾಳೆ ನೋಡುವ ಆ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸುವಷ್ಟರಲ್ಲಿ ಇವಳಿಗೆ ಸಾಕುಸಾಕಾಗುತ್ತಿತ್ತು. ಅದಕ್ಕೇ ಅವನಿಗೆ ಮೌನಿ ಎಂಬ ಹೆಸರು. ಇವಳನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಯಾಕೆಂದು ಬೇರೆ ಹೇಳಬೇಕಿಲ್ಲ.

ಹೊಸಬಳು ಬೇರೆ ಸಂಸ್ಥೆಯವಳು, ಹೊಸ ಪ್ರಭೇದಗಳಿಗೆ ಹೆಸರಿಡುವುದರಲ್ಲಿ ಪಳಗಿದವಳು ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಪರಿಚಯಿಸಿದರು. ಪಟಾಕಿ ಬಾಯ್ತುಂಬ ನಕ್ಕಳು. ಹೊಟ್ಟೆಯೊಳಗೆ ಮಾತ್ರ ಧಗಧಗ ಉರಿ.

ಆಮೇಲೆ ನಿತ್ಯವೂ ಅದೇ ಪಾಡು. ಅವರಿಬ್ಬರದು ಪಿಸುಪಿಸು, ಇವಳು ಹತ್ತಿರ ಹೋದರೆ ಗಪ್‌ಚಿಪ್! 'ಏನಾದರೂ ಮಾಡಿಕೊಳ್ಳಲಿ, ನನಗೇನು?' ಎಂದುಕೊಂಡಳು. ಎಂದುಕೊಂಡವಳೇ ತನ್ನ ಸಾಮಾನನ್ನೆಲ್ಲ ಹೊತ್ತು ಮೌನಿಯ ಪಕ್ಕದ, ಈಗ ಹೊಸಬಳದಾದ ಮೇಜಿಗೇ ಬಂದಳು. ತನಗೆ ಕೊಟ್ಟ ಮೂಲೆಯ ಮೇಜಿನಲ್ಲಿ ಬೆಳಕು ಸಾಲದು ಎಂಬ ನೆಪ. ಅಲ್ಲಿಂದಾದರೆ ಇಬ್ಬರೂ ಚೆನ್ನಾಗಿ ಕಾಣುತ್ತಿದ್ದರು.

ಬಟ್ಟೆ ಒಗೆಯುವ ಅಂಗಡಿಯ ಮೋರಿಯಿಂದ ಅವಳು ಹಿಡಿದು ತಂದ ಹಳದಿ ಬ್ಯಾಕ್ಟೀರಿಯಾ ಅವಳ ಪಾಲಿಗೆ ಸರ್ವಸ್ವ. ಅದರ ಜೀನ್ ಜಗತ್ತಿನಲ್ಲಿ ಗೊತ್ತಿರುವ ಯಾವುದಕ್ಕೂ ಸರಿಹೊಂದದಿದ್ದರೆ ಅದು ಹೊಸ ಪ್ರಭೇದ. ಹೊಂದಿಬಿಟ್ಟರೆ ಇಷ್ಟು ವರ್ಷದ ದುಡಿಮೆ ನೀರುಪಾಲು. ಅಂಥ ಜೀವವನ್ನು ಅದು ಬೆಳೆದಿದ್ದ ಗಾಜಿನ ಪ್ಲೇಟಿನಿಂದ ಪರೀಕ್ಷೆಗೆ ತೆಗೆಯುವಾಗಲೂ ಅವಳ ಕಣ್ಣು ಮೌನಿಯ ಮೇಲೆಯೇ ಇತ್ತು.

ಫಲಿತಾಂಶ ಬಂದ ದಿನ ಅವನು ಅವಳನ್ನು ಕರೆದು ಪರದೆ ತೋರಿಸಿದ. ಅವಳ ಬ್ಯಾಕ್ಟೀರಿಯಾ ಹೊಸದಲ್ಲ. ಹೊಸಬಳು ತಂದಿದ್ದ ಬ್ಯಾಕ್ಟೀರಿಯಾದ ಜೊತೆ ಅಕ್ಷರಕ್ಕಕ್ಷರ ಒಂದೇ!

ಅವಳ ಕಣ್ಣಲ್ಲಿ ನೀರು ತುಂಬಿತು. "ಅದನ್ನೂ ಅವಳಿಗೇ ಕೊಟ್ಟುಬಿಟ್ರಾ?"

"ಅದನ್ನೂ ಅಂದ್ರೆ?"

ಅವಳು ತುಟಿ ಕಚ್ಚಿಕೊಂಡಳು. ಅವನು ಮೆಲ್ಲಗೆ ಹೇಳಿದ. ಎರಡು ಜೀವಿಗಳು ಇಷ್ಟು ಒಂದೇ ಆಗಿರುವುದು ಅನುಮಾನ ತಂದಿತಂತೆ. ಫ್ರೀಜರಿನಲ್ಲಿದ್ದ ಅವಳ ಮೂಲ ಸೀಸೆಯಿಂದ ಮತ್ತೆ ಬೆಳೆಸಿ ನೋಡಿದನಂತೆ. ಅವಳು ಪರೀಕ್ಷೆಗೆ ಕೊಟ್ಟದ್ದು ಪಕ್ಕದಲ್ಲಿದ್ದ ಹೊಸಬಳ ಪ್ಲೇಟಿನದು. ಅದೂ ಹಳದಿಯೇ.

"ನಿಮ್ಮ ಕೈ ಯಾವತ್ತೂ ತಪ್ಪಿದ್ದಿಲ್ಲ. ಆವತ್ತು ಎಲ್ಲಿ ನೋಡ್ತಿದ್ರಿ?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

"ನಿಮ್ಮನ್ನ," ಎಂದಳು. "ಅವಳ ಜೊತೆ ನಗ್ತೀರ, ನನ್ನ ಜೊತೆ ನಗಲ್ಲ. ನನಗೆ ಸಂಕಟ ಆಗತ್ತೆ. ನೀವಂದ್ರೆ ನನಗಿಷ್ಟ... ಸಾಕಾ?"

ಮೌನಿಯ ಕಿವಿ ಕೆಂಪಾಯಿತು.

"ನೀವು ಹತ್ರ ಬಂದ್ರೆ ನನಗೆ ಬಾಯೇ ಬರಲ್ಲ. ಅವಳ ಹತ್ರ ನಾನು ಪಾಠ ಹೇಳಿಸ್ಕೊಳ್ತಿದ್ದೆ. ಹೊಸ ಜೀವಿಗೆ ಕಂಡುಹಿಡಿದವರು ತಮ್ಮ ಹೆಸರು ತಾವೇ ಇಡೋದು ನಮ್ಮಲ್ಲಿ ಸರಿ ಅಲ್ಲ. ಬೇರೆಯವರು ಸೂಚಿಸಬಹುದು. ನಿಮ್ಮದು ಹೊಸದಾದ್ರೆ ಇರಲಿ ಅಂತ ನಿಮ್ಮ ಹೆಸರನ್ನ ನಿಯಮದ ಪ್ರಕಾರ ಲ್ಯಾಟಿನ್‌ಗೆ ತರೋಕೆ ಹೋಗಿ ಎಡವಟ್ಟು ಮಾಡ್ತಿದ್ದೆ. ಅದಕ್ಕೇ ಆ ನಗು."

ಪಟಾಕಿ ಠುಸ್ಸೆಂದಿತ್ತು.

"ಅಂದ್ರೆ... ನನ್ನದು ಹೊಸದಾ?"

ಅವನು ಇನ್ನೊಂದು ಪರದೆ ತೆರೆದ. ಅವಳ ನಿಜವಾದ ಬ್ಯಾಕ್ಟೀರಿಯಾಕ್ಕೆ ಹತ್ತಿರದ ನೆಂಟನೂ ಬಹುದೂರದಲ್ಲಿದ್ದ. ಅವಳು ನಗುತ್ತಲೇ ಅತ್ತಳು. ಅವನು ಕರವಸ್ತ್ರ ಚಾಚಿದ, ಅವಳು ಕರವಸ್ತ್ರದ ಜೊತೆ ಕೈಯನ್ನೂ ಹಿಡಿದುಕೊಂಡಳು.

"ನಾಳೆಯಿಂದ ನನ್ನ ಮೇಜಿಗೇ ಹೋಗ್ತೀನಿ," ಎಂದಳು.

"ಬೇಡ. ಇಲ್ಲೇ ನನ್ನ ಪಕ್ಕ ಕೂತ್ಕೋ," ಎಂದ ಮೌನಿ. "ಪ್ಲೇಟ್ ತೆಗೆಯೋವಾಗ ಮಾತ್ರ ನನ್ನ ನೋಡ್ಬೇಡ."