ತೋಳಿಲ್ಲದ ಅಂಗಿಯ ಚೆಲುವೆ

ಪ್ರದರ್ಶನದ ಗೋಡೆಯ ಮೇಲೆ ಎಲ್ಲರ ಹೆಸರೂ ಇತ್ತು. ಫೋಟೋ ತೆಗೆದ ಯಜಮಾನರದು, ಅಂಗಿ ತೊಟ್ಟು ನಿಂತ ಚೆಲುವೆಯರದು, ಕೊನೆಗೆ ದೀಪ ಹಾಕಿಸಿದ ಕಂಪನಿಯದೂ ಇತ್ತು. ಆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ನೆಗೆಟಿವ್‌ಗಳನ್ನು ಪೆನ್ಸಿಲ್ಲಿನಿಂದ, ಸಣ್ಣ ಚಾಕುವಿನಿಂದ ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡ ಟಚಿಂಗ್ ತಾತನದು ಮಾತ್ರ ಇರಲಿಲ್ಲ. ಯಜಮಾನರ ಮಗ ಬೆನ್ನು ತಟ್ಟಿ, "ಆ ಹಿಂದಿನ ಕೋಣೆ ಖಾಲಿ ಮಾಡ್ಬಿಡಿ ತಾತ, ಕಾಫಿ ಅಂಗಡಿ ಮಾಡ್ತಿದೀವಿ" ಅಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ತಂದೆತಾಯಿ ಇಲ್ಲದ ಮೊಮ್ಮಗಳನ್ನು ಕಟ್ಟಿಕೊಂಡು ಮುದುಕ ಎಲ್ಲಿಗೆ ಹೋಗಬೇಕೆಂದು ಆ ಪುಣ್ಯಾತ್ಮ ಕೇಳಲೂ ಇಲ್ಲ.

ಆದರೆ ತೀರಿಹೋದ ಅಪ್ಪ ತೆಗೆದ ಇನ್ನೊಂದೇ ಒಂದು ಚಿತ್ರ ಸಿಕ್ಕರೆ ಒಂದು ಮನೆಯ ಬೆಲೆ ಕೊಡಲು ಅದೇ ಮಗ ತಯಾರಿದ್ದ. ಸರಿ, ಹುಟ್ಟಿಸೋಣ ಅಂದುಕೊಂಡ ಮುದುಕ. ಇದ್ದದ್ದನ್ನು ಇಲ್ಲವಾಗಿಸುವುದರಲ್ಲೇ ಆಯುಸ್ಸು ಕಳೆದವನಿಗೆ ಇಲ್ಲದ್ದನ್ನು ಇದೆ ಅನ್ನಿಸುವುದು ಯಾವ ಲೆಕ್ಕ?

ಯಜಮಾನರ ಹಳೇ ಕ್ಯಾಮೆರಾ ಅವನ ಬಳಿಯೇ ಇತ್ತು. ಬಳಸದೆ ಉಳಿದ ಆ ಕಾಲದ ಫಿಲ್ಮ್ ಫ್ರಿಜ್ಜಿನ ತಳದಲ್ಲಿತ್ತು. ಟ್ರಂಕಿನಿಂದ ತೋಳಿಲ್ಲದ ಕಪ್ಪು ಅಂಗಿ ತೆಗೆದ. ಅಬ್ಬಾ, ಆಗ ಈ ಅಂಗಿ ಎಬ್ಬಿಸಿದ ಗದ್ದಲವೇ! ತೋಳು ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಏರುತ್ತಾ ಏರುತ್ತಾ ಮಾಯವಾದಾಗ ಹಿರಿಯರೆಲ್ಲ ಆ ಫೋಟೋ ಅಚ್ಚಾದ ಪತ್ರಿಕೆಯನ್ನು ಬೈದಿದ್ದರು, ಬೈಯಲಿಕ್ಕೆಂದೇ ಇನ್ನೊಂದು ಪ್ರತಿ ಕೊಂಡಿದ್ದರು. ತೋಳು ಬಯಲಾದ ಮೇಲೆ ಮುದುಕನ ಚಾಕುವಿಗೂ ಬಿಡುವು ಸಿಕ್ಕಿರಲಿಲ್ಲ.

ಆ ಅಂಗಿ ತೊಟ್ಟ ಮೊಮ್ಮಗಳ ಹುಬ್ಬು ತೆಳ್ಳಗಾಯಿತು. ಆಗಿನವರು ಹಲ್ಲು ಬಿಟ್ಟು ನಗುತ್ತಿರಲಿಲ್ಲ. ಗದ್ದ ಎತ್ತಿ ಧೈರ್ಯ ತೋರಿಸಿದರೂ ಕಣ್ಣು ಬಾಗಿಲ ಕಡೆಗೇ, ಎಲ್ಲಿ ಅಪ್ಪ ಬಂದುಬಿಡುತ್ತಾನೋ ಎಂಬಂತೆ. ಅದನ್ನೂ ಕಲಿಸಿದ.

"ಫೋನ್ ನೋಡೋ ಹಾಗೆ ಕುತ್ತಿಗೆ ಬಗ್ಗಿಸ್ಬೇಡ್ವೇ!"

"ಅಯ್ಯೋ ತಾತ, ಇವ್ರೆಲ್ಲ ಉಸಿರಾಡ್ತಿದ್ರೋ ಇಲ್ವೋ?"

"ಸ್ವಂತ ಮನೇಲಿ ಕೂತ್ಕೊಂಡು ಬೇಕಾದಷ್ಟು ಉಸಿರಾಡುವಂತೆ, ಈಗ ನೆಟ್ಟಗೆ ನಿಂತ್ಕೋ."

ನೆಗೆಟಿವ್ ತೊಳೆದು ಬೆಳಕಿಗೆ ಹಿಡಿದ. ಅವಳ ಕಿವಿಯಲ್ಲಿ ಮೂರು ತೂತು. ಆ ಕಾಲದವಳಿಗೆ ಒಂದೇ ಸಾಕೆಂದು ಎರಡನ್ನು ಪೆನ್ಸಿಲ್ಲಿನಿಂದ ಮುಚ್ಚಿದ. ತೋಳಂತೂ ಬೆಣ್ಣೆಯ ಹಾಗೆ ನುಣ್ಣಗಿತ್ತು, ತಾನೇ ತಿದ್ದಿ ಮುಗಿಸಿದ ಹಾಗೆ. ಒಂದು ಕೆಲಸ ಕಡಿಮೆಯಾಯಿತೆಂದು ಚಾಕುವನ್ನು ಪೆಟ್ಟಿಗೆಗೆ ಹಾಕಿದ.

ಚಿತ್ರ ನೋಡಿದ ಮಗ ಕಣ್ಣೀರೇ ಹಾಕಿದ. "ಅಪ್ಪನ ಕಣ್ಣು ಇದು, ಬೇರೆ ಯಾರಿಗೆ ಬರುತ್ತೆ!" ಮುದುಕ ಒಳಗೊಳಗೇ ನಕ್ಕ. ಹಣ ಬಂತು, ಸಣ್ಣದೊಂದು ಮನೆಯ ಬೀಗದಕೈಯೂ ಬಂತು. ಸಂಗ್ರಹಾಲಯದ ಮೇಡಂ ಒಮ್ಮೆ ನೋಡಿ ಅಸಲಿಯೆಂದು ಸಹಿ ಹಾಕುವುದಷ್ಟೇ ಬಾಕಿ. ಸ್ಟುಡಿಯೋ ಕಾಯುತ್ತಿದ್ದವರು ಎಂದು ಮಗ ಅವನನ್ನು ಪರಿಚಯಿಸಿ ಹೊರಟುಹೋದ.

ಮೇಡಂ ನೆಗೆಟಿವನ್ನು ಬೆಳಕಿನ ಮೇಜಿನ ಮೇಲಿಟ್ಟು, ಭೂತಗನ್ನಡಿಯನ್ನು ನೇರ ತೋಳಿಗೇ ಹಿಡಿದರು. "ನಾನು ಯಜಮಾನರ ಸಹಿ ನೋಡೋದಿಲ್ಲ ತಾತ, ಅದನ್ನ ಯಾರು ಬೇಕಾದ್ರೂ ಹಾಕ್ತಾರೆ. ಆಗಿನ ಹೆಣ್ಣುಮಕ್ಕಳಿಗೆಲ್ಲ ತೋಳಲ್ಲಿ ಸಿಡುಬಿನ ಲಸಿಕೆಯ ಕಲೆ ಇರ್ತಿತ್ತು, ಕಾಸಿನಗಲ. ಅದನ್ನ ಪ್ರತಿಯೊಂದು ನೆಗೆಟಿವ್‌ನಲ್ಲೂ ಯಾರೋ ಚಾಕುವಿನಿಂದ ಕೂದಲೆಳೆಯಷ್ಟು ಸಣ್ಣಗೆ ಕೆರೆದು ತೆಗೆದಿದಾರೆ. ಹೆಸರು ಗೊತ್ತಿಲ್ಲ. ಆದ್ರೆ ಎಂಥಾ ಕೈ ಅಂತೀರಿ! ನನಗೆ ಆ ಗೀರೇ ಈ ಸ್ಟುಡಿಯೋದ ಸಹಿ." ಜೀವಮಾನವೆಲ್ಲ ಕಾದ ಮಾತು ಈಗ ಮುದುಕನ ಕಿವಿಗೆ ಬಿತ್ತು. ಆ ಕೈ ನನ್ನದು ಎನ್ನುವ ಹಾಗೂ ಇರಲಿಲ್ಲ. ಮೇಡಂ ಭೂತಗನ್ನಡಿ ಕೆಳಗಿಟ್ಟರು. "ಇದರಲ್ಲಿ ಕಿವಿ ತಿದ್ದಿದಾರೆ, ತೋಳಿಗೆ ಚಾಕು ತಾಗೇ ಇಲ್ಲ. ಆ ಲಸಿಕೆ ನಿಂತ್ಮೇಲೆ ಹುಟ್ಟಿದ ಹುಡುಗಿ ಇವಳು. ಯಾರ ಮನೆಯವಳು ತಾತ?" ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ, ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಮೊಮ್ಮಗಳು ಕೂತಿದ್ದಳು, ತೋಳಿಲ್ಲದ ಅಂಗಿ ತೊಟ್ಟು.