ಕೊನೆಯ ಹಾಳೆ ಇಲ್ಲ

ನಾನು ಹಳೇ ಪುಸ್ತಕ ಮಾರುವವನು. ಮಾರಾಟದ ಪಟ್ಟಿಯಲ್ಲಿ ಹುಳ ತಿಂದ ತೂತನ್ನೂ ಬಿಡದೆ ಬರೆಯುತ್ತೇನೆ. ಇದನ್ನೂ ಹಾಗೇ ಓದಿಕೊಳ್ಳಿ.

ಅಂಗಡಿ ನನ್ನದೂ ಅಕ್ಕನದೂ. ಓದು ನಿಲ್ಲಿಸಿದ ಕಡೆ ಪೆನ್ಸಿಲ್ಲಿಗೆ ಎಂಜಲು ಹಚ್ಚಿ ಗೆರೆ ಎಳೆಯುವುದು, ಮುಂದೆ ಓದಿದಾಗ ಹಳೆಯದನ್ನು ಅಳಿಸುವುದು ಅವಳ ಚಾಳಿ. ಆಸ್ಪತ್ರೆಯಲ್ಲಿ ಕೈಲಿದ್ದ ಪುಸ್ತಕ ತೋರಿಸಿ, "ಇದೊಂದು ಮುಗಿಸ್ಬಿಟ್ಟು ಹೋಗ್ತೀನಿ ಕಣೋ," ಎಂದು ನಕ್ಕಿದ್ದಳು. ಮುಗಿಸಲಿಲ್ಲ. ಅವಳು ಹೋದ ಒಂದು ತಿಂಗಳಿಗೆ ಆ ಪುಸ್ತಕವನ್ನು ಪಟ್ಟಿಗೆ ಸೇರಿಸಿದೆ: 'ನೂರ ಹನ್ನೆರಡನೇ ಪುಟದಲ್ಲಿ ಪೆನ್ಸಿಲ್ ಗೆರೆ.'

ಕೊಂಡವರು ವಾಪಸ್ ತಂದರು. "ಏನ್ರೀ, ಗೆರೆ ಇರೋದು ನೂರ ನಲವತ್ತರಲ್ಲಿ."

ನೂರ ಹನ್ನೆರಡರಲ್ಲಿ ರಬ್ಬರಿನ ಪುಡಿಯಷ್ಟೇ ಇತ್ತು.

ಆಮೇಲೆ ಅದನ್ನು ಮಾರಲಿಲ್ಲ, ಮೇಜಿನ ಮೇಲೇ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಗೆರೆ ಮುಂದಕ್ಕೆ ಹೋಗಿರುತ್ತಿತ್ತು. ನೂರೈವತ್ತೆಂಟು. ನೂರ ಎಂಬತ್ತು. ಪುಸ್ತಕಕ್ಕೆ ಇರುವುದೇ ಇನ್ನೂರು ಪುಟ. "ನಿಧಾನಕ್ಕೆ ಓದಕ್ಕಾ," ಎಂದು ಅವಳ ಖಾಲಿ ಕುರ್ಚಿಯ ಮುಂದೆ ಗೋಗರೆದೆ.

ನಿನ್ನೆ ಅದರ ಕೊನೆಯ ಹಾಳೆ ಹರಿದೆ. ನಾನು ಪುಸ್ತಕ ಹರಿದದ್ದು ಅದೇ ಮೊದಲು. ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಇವತ್ತು ಬೆಳಿಗ್ಗೆ ತೆಗೆದು ನೋಡಿದೆ. ಕೊನೆಯ ಸಾಲಿನ ಕೆಳಗೆ ಗೆರೆ ಇತ್ತು. ಎಂಜಲು ಇನ್ನೂ ಆರಿರಲಿಲ್ಲ.