ಬಿರುಕಿಲ್ಲದ ನೆಲ, ಕಡಿದ ವೈರ್

ಟೈಲ್ಸ್ ಮೇಸ್ತ್ರಿ ಬಸಲಿಂಗ ಹೊಸ್ತಿಲು ದಾಟಿ ಬಂದವನು ಭಾರತಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಹೋಗಿ ಖಾಸಿಂಬೀಯ ಎದುರು ಕೂತ.

"ಅಕ್ಕಾರ, ನನ್ನ ಮಾನ ನೀವ ಉಳಸ್ಬೇಕು. ನಾನ ವೈರ್ ಕಡದೀನಿ ಅಂತ ಲಕ್ಷ್ಮಿಕಾಂತ ಸಾವ್ಕಾರ್ರು ಓಣಿ ತುಂಬ ಹೇಳ್ಯಾರ. ನಾಳಿ ಪೊಲೀಸರಿಗೆ ಕಂಪ್ಲೇಂಟ್ ಕೊಡ್ತಾರಂತ. ಸುರಪುರ, ಶಹಾಪುರದಾಗ ಇನ್ನ ಯಾರ ನನಗ ಕೆಲಸ ಕೊಡ್ತಾರ್ರಿ?"

ಖಾಸಿಂಬೀ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ ರಂಗಂಪೇಟೆಯಲ್ಲಿ ನೆಲೆಸಿದವಳು. ಊರಲ್ಲಿ ಏನೇ ತಕರಾರಾದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಭಾರತಿ ಪ್ರತಿ ಸಲವೂ ಜೊತೆಗೆ ಹೋಗಿ ಟಾರ್ಚು ಹಿಡಿಯುತ್ತಿದ್ದಳು. ದುಡಿಮೆ ಇಬ್ಬರದು, ಹೆಸರು ಮಾತ್ರ ಖಾಸಿಂಬೀಯದು. ಇದನ್ನು ನೆನೆದರೆ ಭಾರತಿಗೆ ಹೊಟ್ಟೆ ಉರಿಯುತ್ತಿತ್ತು. ಹಾಗಂತ ಹೋಗದೆ ಮನೆಯಲ್ಲಿ ಕೂರುವುದೂ ಅವಳಿಂದ ಆಗುತ್ತಿರಲಿಲ್ಲ.

ಬಸಲಿಂಗ ಹೇಳಿದ ಸಂಗತಿ ವಿಚಿತ್ರವಾಗಿತ್ತು. ಹತ್ತಿ ವ್ಯಾಪಾರಿ ಲಕ್ಷ್ಮಿಕಾಂತನ ತಾಯಿ ಸುಗಲಮ್ಮನಿಗೆ ಕೀಲುನೋವು. ಚಳಿಗಾಲದಲ್ಲಿ ನೆಲಕ್ಕೆ ಕಾಲಿಟ್ಟರೆ ಜೀವ ಹೋದಂತಾಗುತ್ತಿತ್ತು. ಮನಾಲಿಯ ಹೋಟೆಲಿನಲ್ಲಿ ಕರೆಂಟಿನಿಂದ ಬೆಚ್ಚಗಾಗುವ ನೆಲ ನೋಡಿ ಬಂದ ಮಗ, ತಾಯಿಯ ಕೋಣೆಗೂ ಅಂಥದೇ ಆಗಬೇಕೆಂದು ಹಟ ಹಿಡಿದ. ಬಸಲಿಂಗ ಹಳೆಯ ಕಾಂಕ್ರೀಟಿನ ಉಬ್ಬುಗಳನ್ನು ಉಜ್ಜಿ, ತಗ್ಗುಗಳನ್ನು ತುಂಬಿ, ಮೇಲೆ ವೈರನ್ನು ಸುತ್ತುಸುತ್ತಾಗಿ ಹಾಸಿದ. ಎಲೆಕ್ಟ್ರಿಶಿಯನ್ ಎಲ್ಲರೆದುರು ಮೀಟರ್ ಹಿಡಿದು, ವೈರ್ ಸರಿಯಿದೆ ಎಂದು ತೋರಿಸಿ ಹೋದ. ಆಮೇಲೆ ಬಸಲಿಂಗ, ತಾನಾಗಿಯೇ ಹರಿದು ಮಟ್ಟ ಹಿಡಿಯುವ ತೆಳು ಗಾರೆಯನ್ನು ಅದರ ಮೇಲೆ ಸುರಿದ. ಗುಳ್ಳೆ ಒಡೆಯಲು ಮುಳ್ಳಿನ ರೋಲರ್ ಎಳೆದು, ಬಾಗಿಲು ಹಾಕಿ, ಎದುರಿನ ನಲ್ಲಿಯಲ್ಲಿ ಬಕೆಟ್ ತೊಳೆಯಲು ಕೂತ. ಮರುದಿನ ಟೈಲ್ಸ್ ಕೂರಿಸುವ ಮೊದಲು ಮೀಟರ್ ಹಿಡಿದರೆ ವೈರ್ ಕಡಿದಿತ್ತು! ನೆಲದ ಮೇಲೆ ಮಾತ್ರ ಒಂದು ಗೀರೂ ಇರಲಿಲ್ಲ.

ಬಸಲಿಂಗನ ಜೊತೆ ಖಾಸಿಂಬೀ, ಭಾರತಿ ಇಬ್ಬರೂ ಆ ಮನೆಗೆ ಹೋದರು. ಲಕ್ಷ್ಮಿಕಾಂತ ಸಿಡುಕಿದ. "ಕಿಟಕಿಯಿಂದ ಒಂದು ಮಾರು ದೂರದಾಗ ಕಡದದಂತ ಎಲೆಕ್ಟ್ರಿಶಿಯನ್ ಹೇಳ್ಯಾನ. ನಾ ಶಹಾಪುರಕ್ಕ ಹೋಗಿದ್ನಿ. ಆ ನೆಲ ಮುಟ್ಟಿದಾಂವ ಇವನೊಬ್ಬನ. ಆ ರೋಲರಿನ ಮುಳ್ಳ ನೋಡ್ರಿ!"

ಖಾಸಿಂಬೀ ಕಿಟಕಿ ಮುಚ್ಚಿಸಿ ಕೋಣೆ ಕತ್ತಲು ಮಾಡಿದಳು. ಟಾರ್ಚನ್ನು ನೆಲಮಟ್ಟದಲ್ಲಿ ಅಡ್ಡ ಹಿಡಿದರೆ ಕೂದಲೆಳೆಯಷ್ಟು ಗೀರಿದ್ದರೂ ಕಾಣುತ್ತದೆ. ಭಾರತಿ ಕೈ ಚಾಚಿದಳು. ಆದರೆ ಖಾಸಿಂಬೀ ಟಾರ್ಚನ್ನು ಕೊಟ್ಟದ್ದು ಲಕ್ಷ್ಮಿಕಾಂತನ ಹೆಂಡತಿ ನಂದಿನಿಗೆ! ಭಾರತಿಯ ಮೈ ಉರಿದುಹೋಯಿತು. ನೆಲ ಕನ್ನಡಿಯಂತಿತ್ತು.

ಖಾಸಿಂಬೀ ರೋಲರನ್ನು ಉಳಿದ ವೈರಿನ ತುಂಡಿನ ಮೇಲೆ ಒತ್ತಿ ನೋಡಿದಳು. ಆಮೇಲೆ ನಂದಿನಿಯನ್ನು ಕೇಳಿದಳು, "ಅವತ್ತ ಏನ್ ಅಡಗಿ ಮಾಡಿದ್ದೆವ್ವಾ?"

"ಬರೇ ಬ್ಯಾಳಿರಿ. ಮನ್ಯಾಗ ಒಂದು ಕಾಯಿಪಲ್ಯ ಇರಲಿಲ್ಲ. ಅದನ್ನ ಹೇಳ್ಕೋತ ನಲ್ಲಿ ಹತ್ರ ಬಸಲಿಂಗಣ್ಣನ ಜೊತಿ ನಿಂತಿದ್ನಿ."

ಎಂಥ ಕೆಲಸಕ್ಕೆ ಬಾರದ ಪ್ರಶ್ನೆ ಎಂದು ಭಾರತಿ ಒಳಗೇ ನಕ್ಕಳು. ಕಿಟಕಿಯಾಚೆಯ ಹಿತ್ತಲಲ್ಲಿ ಲಕ್ಷ್ಮಿಕಾಂತನ ತಂದೆ ರಾಮಣ್ಣ ಕೂತಿದ್ದ. ಖಾಸಿಂಬೀ ಅವನನ್ನು ಕೇಳಿದಳು.

"ಕಾಕಾ, ಗಾರಿ ಸುರಿದ ಹೊತ್ತಿಗೆ ನೀವೆಲ್ಲಿದ್ರಿ?"

"ಇಲ್ಲೇ ನುಗ್ಗಿಕಾಯಿ ಕೀಳಾಕತ್ತಿದ್ನೆವ್ವಾ. ಈ ಕಡಿ ಯಾರೂ ಬಂದಿಲ್ಲ."

ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಗಳ ಗೋಡೆಗೆ ಒರಗಿತ್ತು. ಕುಡುಗೋಲು ತೊಳೆದು ಫಳಫಳ ಎನ್ನುತ್ತಿತ್ತು, ಕಟ್ಟಿದ ಹಗ್ಗ ಮಾತ್ರ ಬೂದು ಬಣ್ಣಕ್ಕೆ ತಿರುಗಿ ಕಲ್ಲಿನಂತೆ ಬಿರುಸಾಗಿತ್ತು. ಖಾಸಿಂಬೀ ಅದನ್ನು ಉಗುರಿನಿಂದ ಕೆರೆದು ನೋಡಿದಳು. ಅಷ್ಟರಲ್ಲಿ ಪಡಸಾಲೆಯಿಂದ ಸುಗಲಮ್ಮ ಕೂಗಿದಳು, "ಆ ಉಪ್ಪಿನ ಗಂಟ ಎಲ್ಲಿಟ್ಟೀರಿ? ಶಾಖ ಇಲ್ದ ಮೊಣಕಾಲು ಹಿಡಕೊಂಡಾವ!" ಅದನ್ನು ಮಗ ಅಟ್ಟಕ್ಕೆ ಹಾಕಿಸಿದ್ದಾನೆಂದು ನಂದಿನಿ ಹೇಳಿದಳು.

ಮನೆಗೆ ಮರಳುವಾಗ ಭಾರತಿ ತಡೆದುಕೊಳ್ಳಲಿಲ್ಲ. "ನನ್ನ ಕೈ ಏನ್ ಬಿದ್ದು ಹೋಗಿತ್ತೇನ್ ಆಪಾ? ನಂದಿನಿ ಮ್ಯಾಲಲ್ಲ, ಆ ಟಾರ್ಚಿನ ಮ್ಯಾಲ ಸಿಟ್ಟು ಬಂತು ನನಗ. ಒಡದು ಹಾಕ್ಬೇಕು ಅನಿಸ್ತು!"

ಖಾಸಿಂಬೀ ನಡುದಾರಿಯಲ್ಲೇ ನಿಂತುಬಿಟ್ಟಳು. "ಏನಂದಿ? ಇನ್ನೊಮ್ಮೆ ಅನ್ನು."

ಮರುದಿನ ಬೆಳಿಗ್ಗೆ ಎಲ್ಲರೂ ಲಕ್ಷ್ಮಿಕಾಂತನ ಪಡಸಾಲೆಯಲ್ಲಿ ಸೇರಿದರು. ಈ ಸಲ ಭಾರತಿ ಟಾರ್ಚನ್ನು ಮೊದಲೇ ತನ್ನ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಖಾಸಿಂಬೀ ಬಸಲಿಂಗನಿಂದ ಒಂದು ಬೋಗುಣಿ ಗಾರೆ ಕಲಸಿಸಿ, ಹಿತ್ತಲ ಗಳವನ್ನೂ ಒಳಗೆ ತರಿಸಿದ್ದಳು.

"ಸಾವ್ಕಾರ್ರ, ಗಾರಿ ಸುರಿಯೂಕಿಂತ ಮೊದಲ ಕಡದಿದ್ರ ಮೀಟರ್ ಹೇಳ್ತಿತ್ತು. ಗಟ್ಟಿ ಆದಮ್ಯಾಲ ಕಡದಿದ್ರ ನೆಲಾನ ಹೇಳ್ತಿತ್ತು. ಹಂಗಾರ ಕಡದದ್ದು ಗಾರಿ ಹಸಿ ಇದ್ದಾಗ." ಅವಳು ಕುಡುಗೋಲಿನ ತುದಿಯನ್ನು ಗಾರೆಯಲ್ಲಿ ಎಳೆದಳು. ಗೀರು ನೋಡನೋಡುತ್ತಲೇ ಕೂಡಿಕೊಂಡು ಮಾಯವಾಯಿತು. "ಬಸಲಿಂಗನ ರೋಲರಿನ ಮುಳ್ಳು ಪ್ಲಾಸ್ಟಿಕ್, ಮೊಂಡ. ವೈರಿಗೆ ಗೀರು ಸೈತ ಬೀಳಲಿಲ್ಲ. ಆಮ್ಯಾಲ ಆಂವ ಬಾಗಿಲ ಎದುರಿಗೇ ಇದ್ದ, ನಂದಿನಿ ಅವನ ಜೊತಿ ಇದ್ಳು. ಬಾಗಿಲದಿಂದ ಯಾರೂ ಹೋಗಿಲ್ಲ. ಉಳಿದದ್ದು ಹಿತ್ತಲ ಕಿಟಕಿ. ಅದರ ಸರಳಿನ ನಡುವ ಈ ಗಳ ಹೋಗ್ತದ. ಕುಡುಗೋಲು ತೊಳದಾರ, ಆದರ ಹಗ್ಗ ಕುಡಿದ ಗಾರಿ ಅಲ್ಲೇ ಗಟ್ಟಿ ಆಗ್ಯದ. ಕಾಕಾ, ಅವತ್ತ ನೀವ ನುಗ್ಗಿಕಾಯಿ ಕಿತ್ತಿದ್ರ, ಅಡಗಿಮನಿಗೆ ಒಂದರ ಯಾಕ ಬರಲಿಲ್ಲ?"

ರಾಮಣ್ಣ ಎದ್ದು ಹೋಗಲು ನೋಡಿ, ಮತ್ತೆ ಕೂತ.

"ಯಾಕ ಅನ್ನೋದು ನನಗ ಹೊಳೀಲೇ ಇಲ್ಲ," ಎಂದಳು ಖಾಸಿಂಬೀ. "ಹಿಡಿದಾಕಿ ಭಾರತಿ. ತನ್ನ ಕೆಲಸ ಇನ್ನೊಬ್ಬರ ಕೈಗೆ ಹೋದ್ರ, ಸಿಟ್ಟು ಮನಿಶಾರ ಮ್ಯಾಲಲ್ಲ, ಸಾಮಾನಿನ ಮ್ಯಾಲ ಬರ್ತದ ಅಂದ್ಳು. ಈ ನೆಲದಿಂದ ಯಾರ ಕೆಲಸ ಹೋಯ್ತು ಅಂತ ಆಗ ನೋಡಿದೆ."

ಭಾರತಿಯ ಕಿವಿ ಬಿಸಿಯಾದವು.

"ಈಕಿ ಮೊಣಕಾಲು ಹಿಡದಾಗಿಂದ ದಿನಾ ಸಂಜಿಕ ಉಪ್ಪಿನ ಗಂಟು ಕಾಸಿ ಶಾಖ ಕೊಟ್ಟಾಂವ ನಾನು," ಎಂದ ರಾಮಣ್ಣ. "ಆ ಹೊತ್ತಿಗೇ ಈಕಿ ನನ್ನ ಜೊತಿ ನಾಕ ಮಾತು ನಗನಗತಾ ಆಡ್ತಿದ್ಳು. ಮಗ ಗಂಟು ಅಟ್ಟಕ್ಕ ಒಗದು, ಇನ್ನ ನಿನ್ನ ಕೆಲಸ ಇಲ್ಲಪ್ಪ ಅಂದ. ಆ ನೆಲ ಕಂಡ್ರ ಹೊಟ್ಟಿ ಉರೀತಿತ್ತು. ನೆಲದ ಮ್ಯಾಲ ಯಾರರ ಹೊಟ್ಟಿಕಿಚ್ಚು ಪಡ್ತಾರೇನು? ನಾ ಪಟ್ಟೆ."

"ನಿಮ್ಮ ಹೊಟ್ಟಿಕಿಚ್ಚಿಗೆ ನನ್ನ ಹೊಟ್ಟಿಮ್ಯಾಲ ಹೊಡದ್ರೆಲ್ರಿ ಯಜಮಾನ್ರ!" ಬಸಲಿಂಗ ಎದ್ದು ನಿಂತ. "ಹೆಸರು ಕೆಡಿಸಿದ್ದು ಓಣ್ಯಾಗ. ಓಣ್ಯಾಗ ಹೇಳ್ರಿ."

ರಾಮಣ್ಣ ಎದ್ದ. ಹೊರಗಿನ ಕಟ್ಟೆಯ ಮೇಲೆ ನಿಂತು, ಹೋಗುವವರು ಬರುವವರು ಕೇಳುವಂತೆ, ವೈರ್ ಕಡಿದವನು ತಾನೆಂದೂ ಮೇಸ್ತ್ರಿಯದೇನೂ ತಪ್ಪಿಲ್ಲವೆಂದೂ ಗಟ್ಟಿಯಾಗಿ ಹೇಳಿದ. ಲಕ್ಷ್ಮಿಕಾಂತ ಕೂಡ ತಂದೆಯ ಪಕ್ಕ ಹೋಗಿ ನಿಂತು ಬಸಲಿಂಗನಿಗೆ ಕೈ ಮುಗಿದ.

ಒಳಗೆ ಬಂದ ಗಂಡನನ್ನು ಸುಗಲಮ್ಮ ದುರುಗುಟ್ಟಿ ನೋಡಿದಳು. "ನೆಲ ಅಂಗಾಲು ಕಾಸ್ತದ. ಮೊಣಕಾಲು ಕಾಸಾವ್ರು ಯಾರು? ಆ ಗಂಟು ಇಳಸ್ರಿ ಮೊದಲ."

ರಾಮಣ್ಣ ಏಣಿ ಹುಡುಕುತ್ತ ಹೋದ. ಅವನು ಕಣ್ಣೊರೆಸಿಕೊಂಡದ್ದನ್ನು ಎಲ್ಲರೂ ಕಂಡರು.

ಬಸಲಿಂಗ ಬಾಗಿಲವರೆಗೆ ಬಂದು ಭಾರತಿಯ ಎದುರು ಕೈ ಜೋಡಿಸಿದ. "ಭಾರತಿ ಅಕ್ಕಾರ, ನೀವ ಇರದಿದ್ರ ನನ್ನ ಕತಿ ಮುಗದಿತ್ತು. ಇನ್ನ ಏನರ ಆದ್ರ ಸೀದಾ ನಿಮ್ಮ ಅಂಗಡಿಗೇ ಬರ್ತೀನ್ರಿ."

ಭಾರತಿ ಓರೆಗಣ್ಣಿನಿಂದ ನೋಡಿದಳು. ಖಾಸಿಂಬೀಯ ಮುಖ ಗಂಟಿಕ್ಕಿತ್ತು. "ಟಾರ್ಚು ಇತ್ತ ಕೊಡು, ನಾನ ಹಿಡಕೋತೀನಿ," ಎಂದು ಅವಳು ಭಾರತಿಯ ಕೈಯಿಂದ ಅದನ್ನು ಕಿತ್ತುಕೊಂಡು, ಆ ಹಾಡುಹಗಲಿನಲ್ಲಿ, ಮುಂದೆ ಮುಂದೆ ನಡೆದಳು.